ಡೈಮಂಡ್ ಡಿಎ42 ರಿವ್ಯೂ: ಎರಡನೇ ಎಂಜಿನ್‌ನ ಎಷ್ಟು ನಂಬ್ಬೋದು?

ಪೈಲಟ್ ಟ್ರೈನಿಂಗ್‌ಗೆ ಸೇರೋ ಹುಡುಗ್ರ ಮನೆಯವ್ರು ದುಡ್ಡಿನ ಲೆಕ್ಕ ಎಲ್ಲಾ ಮುಗಿದ್ಮೇಲೆ ಕೊನೇಲಿ ಕೇಳೋದು ಒಂದೇ ಪ್ರಶ್ನೆ, "ಆ ವಿಮಾನ ಸೇಫಾ?" ಅಂತ. ಸೈಟ್ ಮಾರಿ, ಇಲ್ಲ ತೋಟದ ಮೇಲೆ ಸಾಲ ಎತ್ತಿ ಫೀಸ್ ಕಟ್ಟೋರು ಅದನ್ನ ಕೇಳ್ಲೇಬೇಕು. ನಮ್ಮ ಕಡೆ ಅಂತೂ ಸಣ್ಣ ವಿಮಾನ ಅಂದ್ರೆ ಎಲ್ರಿಗೂ ಮೊದ್ಲು ನೆನಪಾಗೋದು 2004ರ ಏಪ್ರಿಲ್ 17, ಜಕ್ಕೂರಲ್ಲಿ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಬಿದ್ದ ಸೆಸ್ನಾ 180, ಅದ್ರಲ್ಲಿ ನಾವು ಕಳ್ಕೊಂಡ ನಟಿ ಸೌಂದರ್ಯ. ಅದು ಸಿಂಗಲ್ ಎಂಜಿನ್ ವಿಮಾನ. ಹಾಗಾಗಿ ಟ್ವಿನ್ ಎಂಜಿನ್ ಅಂದ ತಕ್ಷಣ ಮನೆಯವ್ರಿಗೆ ಒಂಥರಾ ಧೈರ್ಯ ಬರುತ್ತೆ, ಒಂದು ಕೈ ಕೊಟ್ರೆ ಇನ್ನೊಂದು ಇದೆಯಲ್ಲ ಅಂತ. ಈ ಧೈರ್ಯ ಎಷ್ಟರ ಮಟ್ಟಿಗೆ ಸರಿ ಅನ್ನೋದನ್ನ ಡಿಎ42 ಇಟ್ಕೊಂಡೇ ಹೇಳ್ತೀನಿ, ಯಾಕಂದ್ರೆ ನಾನು ಮಲ್ಟಿ ಎಂಜಿನ್ ರೇಟಿಂಗ್ (ಒಂದಕ್ಕಿಂತ ಜಾಸ್ತಿ ಎಂಜಿನ್ ಇರೋ ವಿಮಾನ ಹಾರಿಸೋ ಅರ್ಹತೆ) ಮಾಡಿದ್ದು ಇದ್ರಲ್ಲೇ, ಇವತ್ತಿಗೂ ನಂಗೆ ತುಂಬಾ ಇಷ್ಟದ ವಿಮಾನ ಇದು, ಇಷ್ಟ ಅಂತ ಅದರ ಹಳೇ ಕಥೆ ಮುಚ್ಚಿಡೋಕೆ ಮನಸ್ಸಿಲ್ಲ.

ಮೊದ್ಲು ವಿಮಾನ ಏನು ಅಂತ ಹೇಳ್ಬಿಡ್ತೀನಿ. ಆಸ್ಟ್ರಿಯಾದ ವೀನರ್ ನೊಯ್‌ಸ್ಟಾಟ್ ಅನ್ನೋ ಊರಿನ ಡೈಮಂಡ್ ಕಂಪನಿ ಮಾಡೋ ನಾಲ್ಕು ಸೀಟಿನ ಟ್ವಿನ್. 2002ರ ಡಿಸೆಂಬರ್‌ನಲ್ಲಿ ಮೊದಲ ಸಲ ಹಾರ್ತು, 2004ರಲ್ಲಿ ಯುರೋಪಿನ ಸರ್ಟಿಫಿಕೇಟ್ ಸಿಕ್ತು. ಬಾಡಿ ಪೂರ್ತಿ ಕಾಂಪೋಸಿಟ್, ಎಂಜಿನ್ ಎರಡೂ ಡೀಸೆಲ್, ಕುಡಿಯೋದು ದೊಡ್ಡ ಜೆಟ್‌ಗಳಿಗೆ ಹಾಕೋ ಅದೇ ಜೆಟ್ ಫ್ಯೂಯೆಲ್. ನಿಧಾನಕ್ಕೆ ಹಾರಿಸಿದ್ರೆ ಎರಡು ಎಂಜಿನ್ನೂ ಸೇರಿ ಗಂಟೆಗೆ ಸುಮಾರು 40 ಲೀಟರ್ ಆಸುಪಾಸು. 2004ರ ಆಗಸ್ಟ್‌ನಲ್ಲಿ ಇದೇ ಮಾಡೆಲ್ ಕೆನಡಾದ ಸೇಂಟ್ ಜಾನ್ಸ್‌ನಿಂದ ಪೋರ್ಚುಗಲ್‌ನ ಪೋರ್ಟೊಗೆ ಅಟ್ಲಾಂಟಿಕ್ ದಾಟಿ ನಿಲ್ದೆ ಹೋಗಿತ್ತು, ಹನ್ನೆರಡೂವರೆ ಗಂಟೆ ಹತ್ರ. ಇಂಡಿಯಾದಲ್ಲಿ ಏವಿಯೇಷನ್ ಪೆಟ್ರೋಲ್ ಸಿಗೋದೇ ಕಷ್ಟ, ಇಂಡಿಯನ್ ಆಯಿಲ್ ಅದನ್ನ ಇಲ್ಲೇ ಮಾಡಿ ಮಾರೋಕೆ ಶುರು ಮಾಡಿದ್ದೇ 2022ರಲ್ಲಿ, ಜೆಟ್ ಫ್ಯೂಯೆಲ್ ಆದ್ರೆ ಏರ್‌ಲೈನ್ ಬರೋ ಏರ್‌ಪೋರ್ಟ್‌ನಲ್ಲೆಲ್ಲಾ ಇರುತ್ತೆ. ರಾಯ್‌ಬರೇಲಿ ಹತ್ರದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿ, ಗೋಂಡಿಯಾದ ಟ್ರೈನಿಂಗ್ ಸ್ಕೂಲು ಇವೆಲ್ಲಾ ಡಿಎ42 ಇಟ್ಕೊಂಡಿರೋದಕ್ಕೆ ಇದೂ ಒಂದು ಕಾರಣ ಇರ್ಬೇಕು.

ಈಗ ವಿಷಯಕ್ಕೆ ಬರೋಣ. ಒಂದು ಎಂಜಿನ್ ಹೋದ್ರೆ ಏನಾಗುತ್ತೆ? ಪವರ್ ಅರ್ಧ ಹೋಗುತ್ತೆ ಅಂತ ಎಲ್ರೂ ಲೆಕ್ಕ ಹಾಕ್ತಾರೆ. ಪವರ್ ಹೋಗೋದು ಅರ್ಧವೇ, ಆದ್ರೆ ಮೇಲಕ್ಕೆ ಏರೋ ಶಕ್ತಿ ಶೇಕಡಾ 80ಕ್ಕಿಂತ ಜಾಸ್ತಿ ಹೋಗ್ಬಿಡುತ್ತೆ. ವಿಮಾನ ಮಟ್ಟಸವಾಗಿ ಹಾರೋಕೇ ಒಂದಷ್ಟು ಪವರ್ ಬೇಕು, ಅದರ ಮೇಲೆ ಮಿಕ್ಕಿದ್ದು ಮಾತ್ರ ಏರೋಕೆ ಸಿಗೋದು, ಅರ್ಧ ಕಳೆದ್ರೆ ಆ ಮಿಕ್ಕಿದ್ದೇ ಖಾಲಿ. ಇನ್ನೂ ಒಂದು ವಿಷಯ ಕೇಳಿದ್ರೆ ಮನೆಯವ್ರು ಬೆಚ್ಚಿಬೀಳ್ತಾರೆ, 6000 ಪೌಂಡ್‌ಗಿಂತ ಕಡಿಮೆ ತೂಕ ಇದ್ದು, ಸ್ಟಾಲ್ ಸ್ಪೀಡು (ಇದಕ್ಕಿಂತ ನಿಧಾನ ಆದ್ರೆ ರೆಕ್ಕೆ ವಿಮಾನನ ಎತ್ತಿ ಹಿಡಿಯಲ್ಲ) 61 ನಾಟ್ ಒಳಗಿರೋ ಟ್ವಿನ್‌ಗಳಿಗೆ ಅಮೆರಿಕದ ಹಳೇ ಸರ್ಟಿಫಿಕೇಷನ್ ರೂಲ್‌ನಲ್ಲಿ ಒಂದೇ ಎಂಜಿನ್ ಮೇಲೆ ಏರ್ಲೇಬೇಕು ಅನ್ನೋ ಷರತ್ತೇ ಇರ್ಲಿಲ್ಲ. ಎಷ್ಟು ಏರುತ್ತೆ, ಇಲ್ಲ ಎಷ್ಟು ಇಳಿಯುತ್ತೆ ಅಂತ ಅಳೆದು ಬರೆದಿಟ್ರೆ ಸಾಕಿತ್ತು. ಅಂದ್ರೆ ಕಾನೂನೇ ಎರಡನೇ ಎಂಜಿನ್ ಬಗ್ಗೆ ಯಾವ ಭರವಸೇನೂ ಕೊಟ್ಟಿರ್ಲಿಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ತಿರುಗೋದು. ಜೋಡೆತ್ತಿನ ಗಾಡೀಲಿ ಒಂದು ಎತ್ತು ಗಕ್ಕನೆ ನಿಂತು ಇನ್ನೊಂದು ಎಳೀತಾನೇ ಇದ್ರೆ ಗಾಡಿ ನಿಂತ ಎತ್ತಿನ ಕಡೆಗೇ ತಿರುಗುತ್ತಲ್ಲ, ಅದೇ ಕಥೆ ಇಲ್ಲೂ. ತಡೆಯೋಕೆ ಇರೋದು ಬಾಲದಲ್ಲಿ ಎಡಕ್ಕೆ ಬಲಕ್ಕೆ ತಿರುಗೋ ರಡ್ಡರ್ ಒಂದೇ, ಅದನ್ನ ಕಾಲಿನ ಪೆಡಲ್‌ನಿಂದ ತಿರುಗಿಸ್ತೀವಿ, ರಡ್ಡರ್‌ಗೆ ಬಲ ಬರೋದು ಗಾಳಿಯ ಸ್ಪೀಡಿಂದ. ಸ್ಪೀಡು ಒಂದು ಮಟ್ಟಕ್ಕಿಂತ ಕೆಳಗೆ ಬಿತ್ತು ಅಂದ್ರೆ ಪೆಡಲ್ ಪೂರ್ತಿ ತುಳಿದ್ರೂ ತಡೆಯೋಕಾಗಲ್ಲ, ಮೂತಿ ತಿರುಗುತ್ತೆ, ಸತ್ತ ಎಂಜಿನ್ ಕಡೆ ರೆಕ್ಕೆ ಕೆಳಗಾಗುತ್ತೆ, ಮಗುಚಿಕೊಂಡೇ ಬಿಡುತ್ತೆ. ಸ್ಪೀಡ್ ಮೀಟರ್ ಮೇಲೆ ಆ ಮಟ್ಟನೇ ಕೆಂಪು ಗೆರೆ, ಡಿಎ42 ಹಳೇ ಮಾಡೆಲ್‌ನಲ್ಲಿ 68 ನಾಟ್. ಒಂದೇ ಎಂಜಿನ್ ಮೇಲೆ ಚೆನ್ನಾಗಿ ಏರೋ ಸ್ಪೀಡು ನೀಲಿ ಗೆರೆ. ಲೈಟ್ ಟ್ವಿನ್‌ಗಳಲ್ಲಿ ಟೇಕಾಫ್ ಹೊತ್ತಿನ ಎಷ್ಟೋ ಆಕ್ಸಿಡೆಂಟು ಸ್ಪೀಡು ನೀಲಿ ಗೆರೆಯಿಂದ ಜಾರಿ ಕೆಂಪು ಗೆರೆ ಕೆಳಗೆ ಬಿದ್ದೇ ಆಗಿರೋದು. ನೆಲ ಹತ್ರ ಇದ್ದಾಗ ಎಂಜಿನ್ ಹೋದ್ರೆ ಮನುಷ್ಯನ ಕೈ ತಾನಾಗೇ ಸ್ಟಿಕ್ ಹಿಂದಕ್ಕೆ ಎಳೆಯುತ್ತೆ, ಸ್ಪೀಡು ಬೀಳುತ್ತೆ. ಸರಿಯಾದ ಉಪಾಯ ಮನಸ್ಸಿಗೆ ಪೂರ್ತಿ ಉಲ್ಟಾ: ಮೂತಿ ಕೆಳಗೆ ಮಾಡಿ, ಓಡ್ತಿರೋ ಒಳ್ಳೇ ಎಂಜಿನ್ನಿನ ಪವರ್‌ನೇ ಕಡಿಮೆ ಮಾಡ್ಬೇಕು. ಇದನ್ನ ಬರೀ ಪುಸ್ತಕ ಓದಿ ಕಲಿಯೋಕಾಗಲ್ಲ, ಕಾಲಿಗೆ ಕೈಗೆ ಅಭ್ಯಾಸ ಆಗ್ಬೇಕು.

ಡಿಎ42 ಗೆಲ್ಲೋದು ಇಲ್ಲೇ, ನನ್ನ ಪ್ರಕಾರ ಇದರ ಒಳ್ಳೇ ಹೆಸರಿನ ಅರ್ಧ ಗುಟ್ಟೂ ಇದೇ. ಪೈಪರ್ ಸೆನೆಕಾ ಥರದ ಹಳೇ ಟ್ವಿನ್‌ನಲ್ಲಿ ಮಧ್ಯದಲ್ಲಿ ಆರು ಲೆವರ್ ಇರುತ್ತೆ, ಒಂದೊಂದು ಎಂಜಿನ್‌ಗೆ ಥ್ರಾಟಲ್ (ಪವರ್ ಏರಿಸಿ ಇಳಿಸೋದು), ಪ್ರೊಪೆಲ್ಲರ್, ಮಿಕ್ಸ್‌ಚರ್ (ಇಂಧನ, ಗಾಳಿ ಬೆರೆಸೋ ಪ್ರಮಾಣ) ಅಂತ ಮೂರು ಮೂರು. ಎಂಜಿನ್ ಹೋದಾಗ ಸುಮ್ನೆ ತಿರುಗ್ತಿರೋ ಪ್ರೊಪೆಲ್ಲರ್ ಗಾಳಿಗೆ ದೊಡ್ಡ ತಡೆ, ಅದರ ಬ್ಲೇಡ್‌ನ ಗಾಳಿಗೆ ಅಂಚು ಕೊಟ್ಟು ನಿಲ್ಲಿಸ್ಬೇಕು, ಇದಕ್ಕೆ ಫೆದರ್ ಮಾಡೋದು ಅಂತಾರೆ. ಆರು ಲೆವರ್‌ನಲ್ಲಿ ಸರಿಯಾದ್ದನ್ನ ಹಿಡಿದು ಎಳೀಬೇಕು, ಅದೂ ನೆಲದಿಂದ ಮುನ್ನೂರು ಅಡಿ ಮೇಲೆ, ಬೆವರು ಇಳೀತಿರುವಾಗ. ಡಿಎ42ರಲ್ಲಿ ಒಂದು ಎಂಜಿನ್‌ಗೆ ಒಂದೇ ಲೆವರ್, ಮಿಕ್ಕಿದ್ದೆಲ್ಲಾ ಕಂಪ್ಯೂಟರ್ ನೋಡ್ಕೊಳ್ಳುತ್ತೆ. ಎಂಜಿನ್ ಹೋಯ್ತಾ, ಯಾವುದು ಅಂತ ಗುರುತು ಹಿಡಿ, ಆ ಕಡೆ ಎಂಜಿನ್ ಮಾಸ್ಟರ್ ಸ್ವಿಚ್ ಆಫ್ ಮಾಡು, ಪ್ರೊಪೆಲ್ಲರ್ ತಾನೇ ಫೆದರ್ ಆಗುತ್ತೆ. ಮೊದಲನೇ ಸಲ ಮೇಲೆ ಎತ್ತರದಲ್ಲಿ ಇನ್‌ಸ್ಟ್ರಕ್ಟರ್ ನಿಜವಾಗ್ಲೂ ಸ್ವಿಚ್ ಆಫ್ ಮಾಡಿಸಿದಾಗ ಕಿಟಕಿ ಪಕ್ಕದಲ್ಲೇ ಮೂರು ಬ್ಲೇಡು ಹಾಗೇ ನಿಂತ್ಬಿಟ್ವು, ಬಲಗಾಲು ಪೆಡಲ್ ಮೇಲೆ ಒತ್ತಿ ಒತ್ತಿ ತೊಡೆ ನಡುಗೋಕೆ ಶುರುವಾಯ್ತು, ಅಷ್ಟಾದ್ರೂ ವಿಮಾನ ನೇರ ಹೋಗ್ತಿತ್ತು, ಗಲಾಟೆ ಮಾಡ್ಲಿಲ್ಲ. ಎಡ ಎಂಜಿನ್ ಹೋದ್ರೆ ಸ್ವಲ್ಪ ಜಾಸ್ತಿ ಕಷ್ಟ, ಯಾಕಂದ್ರೆ ಇದ್ರಲ್ಲಿ ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುತ್ವೆ, ಪೈಪರ್‌ನ ಸೆನೆಕಾ, ಸೆಮಿನೋಲ್‌ಗಳಲ್ಲಿ ಒಂದಕ್ಕೊಂದು ಎದುರಾಗಿ ತಿರುಗೋದ್ರಿಂದ ಈ ವ್ಯತ್ಯಾಸ ಇಲ್ಲ. ಈ ಒಂದು ವಿಷಯದಲ್ಲಿ ಪೈಪರ್‌ಗೇ ನನ್ನ ಓಟು.

ಗುರುತು ಹಿಡಿಯೋದು ಅಂದೆ ನೋಡಿ, ಅದು ಕೇಳೋಕೆ ಸುಲಭ. ಯಾವ ಕಾಲಿಗೆ ಕೆಲಸ ಇಲ್ವೋ ಆ ಕಡೆ ಎಂಜಿನ್ನೇ ಸತ್ತಿರೋದು ಅಂತ ಮೊದಲ ದಿನವೇ ಕಲಿಸ್ತಾರೆ. ಆದ್ರೂ 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72, ಅಷ್ಟು ದೊಡ್ಡ ವಿಮಾನ, ಅನುಭವ ಇರೋ ಪೈಲಟ್‌ಗಳು, ಒಂದು ಎಂಜಿನ್ ಹೋದಾಗ ಓಡ್ತಿದ್ದ ಎಂಜಿನ್‌ನೇ ಆಫ್ ಮಾಡ್ಬಿಟ್ರು, 43 ಜನ ಹೋದ್ರು. ಸ್ವಿಚ್ ಸುಲಭ ಇದ್ದಷ್ಟೂ ತಪ್ಪು ಸ್ವಿಚ್ ಒತ್ತೋದೂ ಸುಲಭ, ಹಾಗಾಗಿ ಆಫ್ ಮಾಡೋಕೆ ಮುಂಚೆ ಸತ್ತಿದೆ ಅಂದ್ಕೊಂಡ ಎಂಜಿನ್ನಿನ ಥ್ರಾಟಲ್ ಹಿಂದೆ ಎಳೆದು ಖಾತ್ರಿ ಮಾಡ್ಕೊಳ್ಳೋ ಆ ಎರಡು ಸೆಕೆಂಡ್ ಮಾತ್ರ ಯಾವತ್ತೂ ಉಳಿಸೋಕೆ ಹೋಗ್ಬೇಡಿ.

ಈಗ ಈ ವಿಮಾನದ ಚರಿತ್ರೆಯಲ್ಲೇ ಬಹಳ ಮುಖ್ಯ ಅನ್ಸೋ ಘಟನೆ. 2007ರ ಮಾರ್ಚ್ 4, ಜರ್ಮನಿಯ ಸ್ಪೈಯರ್ ಏರ್‌ಫೀಲ್ಡು. ಒಂದು ಡಿಎ42ದು ಬ್ಯಾಟರಿ ಪೂರ್ತಿ ಡೌನ್ ಆಗಿತ್ತು. ಹೊರಗಿಂದ ಕರೆಂಟ್ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಿದ್ರು, ಎರಡೂ ಚೆನ್ನಾಗಿ ಓಡಿದ್ವು, ಟೇಕಾಫ್ ಆಯ್ತು, ನೆಲ ಬಿಟ್ಟ ಮೇಲೆ ಗೇರ್ (ಅಂದ್ರೆ ಚಕ್ರ) ಎತ್ತಿದ್ರು. ಗೇರ್ ಎತ್ತೋ ಪಂಪಿಗೆ ಒಂದೇ ಸಲಕ್ಕೆ ಜೋರು ಕರೆಂಟ್ ಬೇಕು. ಬ್ಯಾಟರೀಲಿ ಶಕ್ತಿ ಇರ್ಲಿಲ್ಲ, ವೋಲ್ಟೇಜ್ ಕ್ಷಣಮಾತ್ರ ಕುಸೀತು, ಅಷ್ಟಕ್ಕೇ ಎರಡೂ ಎಂಜಿನ್‌ಗಳ ಕಂಪ್ಯೂಟರ್ ರೀಸೆಟ್ ಆಗೋಯ್ತು, ಎರಡೂ ಪ್ರೊಪೆಲ್ಲರ್ ಫೆದರ್‌ಗೆ ಹೋದ್ವು. ಎರಡು ಎಂಜಿನ್ ಇದ್ದ ವಿಮಾನಕ್ಕೆ ಒಂದೇ ಕ್ಷಣದಲ್ಲಿ ಒಂದೂ ಇಲ್ಲ. ನೆಲ ಹತ್ರನೇ ಇದ್ದಿದ್ರಿಂದ ಹೊಟ್ಟೆ ಮೇಲೆ ಇಳಿದು ಪ್ರಾಣ ಉಳೀತು.

ಇಲ್ಲಿ ಕೆಟ್ಟಿದ್ದು ಎಂಜಿನ್ ಅಲ್ವೇ ಅಲ್ಲ. ಎರಡಕ್ಕೂ ಸೇರಿ ಇದ್ದ ಒಂದು ಬ್ಯಾಟರಿ ವ್ಯವಸ್ಥೆ ಕೈ ಕೊಡ್ತು. ಹಳೇ ಪೆಟ್ರೋಲ್ ಎಂಜಿನ್‌ಗೆ ಮ್ಯಾಗ್ನೆಟೋ ಇರುತ್ತೆ, ವಿಮಾನದ ಕರೆಂಟ್ ಪೂರ್ತಿ ಹೋದ್ರೂ ಕಿಡಿ ತಾನೇ ಹುಟ್ಟಿಸ್ಕೊಂಡು ಓಡ್ತಾನೇ ಇರುತ್ತೆ. ಈ ಡೀಸೆಲ್‌ಗಳ ಕಂಪ್ಯೂಟರ್‌ಗೆ ಕರೆಂಟ್ ಬೇಕೇ ಬೇಕು. ಹೊಸ ತಂತ್ರಜ್ಞಾನ ಒಂದು ಕಡೆ ಲೆವರ್ ಕಡಿಮೆ ಮಾಡಿ ಜೀವ ಉಳಿಸ್ತು, ಇನ್ನೊಂದು ಕಡೆ ಎರಡು ಎಂಜಿನ್‌ನೂ ಒಂದೇ ದಾರಕ್ಕೆ ಕಟ್ಟಿಬಿಡ್ತು. ಇದಾದ ಮೇಲೆ ಎಂಜಿನ್ ಕಂಪ್ಯೂಟರ್‌ಗೆ ಅಂತಲೇ ಬೇರೆ ಬ್ಯಾಕಪ್ ಬ್ಯಾಟರಿ ಹಾಕೋ ವ್ಯವಸ್ಥೆ ಬಂತು. ಇವತ್ತು ನೀವು ಡಿಎ42 ಹತ್ರ ಹೋದ್ರೆ ಆ ಬ್ಯಾಕಪ್ ಬ್ಯಾಟರಿ ಬದಲಾಯಿಸೋ ತಾರೀಕು ಮೇಂಟೆನೆನ್ಸ್ ರೆಕಾರ್ಡ್‌ನಲ್ಲಿ ಕೇಳಿ ನೋಡಿ. ಕಾಲ ಕಾಲಕ್ಕೆ ಬದಲಾಯಿಸ್ಲೇಬೇಕಾದ ವಸ್ತು ಅದು. ಬ್ಯಾಟರಿ ಡೌನ್ ಆಗಿದೆ, ಜಂಪ್ ಕೊಟ್ಟು ಹಾಗೇ ಹೋಗ್ಬಿಡೋಣ ಅಂತ ಯಾರಾದ್ರೂ ಅಂದ್ರೆ ಅವತ್ತು ಹೋಗ್ಬೇಡಿ, ಎಷ್ಟೇ ಸೀನಿಯರ್ ಹೇಳಿದ್ರೂ ಸರಿ.

ಟೇಕಾಫ್‌ಗೆ ಮುಂಚೆ ಕಂಪ್ಯೂಟರ್ ಟೆಸ್ಟ್ ಅಂತ ಒಂದಿದೆ. ಬಟನ್ ಒತ್ತಿ ಹಿಡಿದ್ರೆ ಎಂಜಿನ್ ಎ ಕಂಪ್ಯೂಟರ್‌ನಿಂದ ಬಿ ಕಂಪ್ಯೂಟರ್‌ಗೆ ಬದಲಾಗುತ್ತೆ, ಪ್ರೊಪೆಲ್ಲರ್ ಸದ್ದು ಇಳಿದು ಏರುತ್ತೆ, ವಾರ್ನಿಂಗ್ ಬಂದು ಹೋಗ್ಬೇಕು. ಬಿಸಿಲಲ್ಲಿ ನಿಂತು ಬೇಗ ಹೋದ್ರೆ ಸಾಕಪ್ಪಾ ಅನ್ನಿಸೋ ಹೊತ್ತಲ್ಲೇ ಈ ಟೆಸ್ಟ್ ಬರೋದು. ಕಿವಿಗೊಟ್ಟು ಕೇಳಿ, ಎಡಗಡೆದು ಬಲಗಡೆದು ಒಂದೇ ಥರ ಕೇಳಿಸ್ತಾ ಅಂತ.

ಎಂಜಿನ್ ಕಂಪನಿ ಕಥೆ ಬೇಗ ಮುಗಿಸ್ತೀನಿ. ಮೊದಲು ಬಂದಿದ್ದು ಜರ್ಮನಿಯ ಥೀಲರ್ಟ್ ಕಂಪನಿಯ 135 ಹಾರ್ಸ್‌ಪವರ್ ಎಂಜಿನ್ನು, ಗೇರ್‌ಬಾಕ್ಸ್‌ನ 300 ಗಂಟೆಗೊಮ್ಮೆ ಬಿಚ್ಚಿ ಕಳಿಸೋ ತಾಪತ್ರಯ, ಹಾರ್ತಿರುವಾಗ ನಿಂತು ಹೋದ ಪ್ರಸಂಗಗಳೂ ಇದ್ವು. 2008ರ ಏಪ್ರಿಲ್‌ನಲ್ಲಿ ಆ ಕಂಪನಿ ದಿವಾಳಿ ಆಯ್ತು, ವಾರಂಟಿ ಎಲ್ಲಾ ಹೋಯ್ತು, ಪಾರ್ಟ್ಸ್ ರೇಟು ಕೇಳೋ ಹಾಗಿಲ್ಲ, ಎಷ್ಟೋ ವಿಮಾನ ಹ್ಯಾಂಗರ್‌ನಲ್ಲೇ ಕೂತ್ವು. ಡೈಮಂಡ್‌ನವ್ರು ಆಸ್ಟ್ರೋ ಅಂತ ತಮ್ಮದೇ ಎಂಜಿನ್ ಕಂಪನಿ ಮಾಡಿ, ಮರ್ಸಿಡಿಸ್ ಬೆಂಜ್ ಕಾರಿನ ಡೀಸೆಲ್ ಎಂಜಿನ್ ಆಧಾರ ಇಟ್ಕೊಂಡು ಎಇ300 ತಂದ್ರು, ಸುಮಾರು 170 ಹಾರ್ಸ್‌ಪವರ್. 2009ರಿಂದ ಆ ಎಂಜಿನ್ ಹಾಕಿದ ಎನ್‌ಜಿ ಮಾಡೆಲ್ ಬಂತು, 2012ರಲ್ಲಿ ಡಿಎ42 ಸಿಕ್ಸ್. ಆಯ್ಕೆ ಇದ್ರೆ ಎಇ300 ಇರೋದನ್ನೇ ಹಾರಿಸಿ, ನನ್ನ ನೇರ ಅಭಿಪ್ರಾಯ. ನಮ್ಮ ಕಡೆ ಹವಾಮಾನಕ್ಕೆ ಆ ಜಾಸ್ತಿ ಪವರ್ ಬೇಕು. ಜಕ್ಕೂರು ಸಮುದ್ರ ಮಟ್ಟದಿಂದ 3000 ಅಡಿ ಹತ್ರ ಇದೆ, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಆದ್ರೆ ವಿಮಾನದ ಪಾಲಿಗೆ ಅದು ಸುಮಾರು 6000 ಅಡಿ ಎತ್ತರದ ತೆಳು ಗಾಳಿ. ಟರ್ಬೋ ಇರೋದ್ರಿಂದ ಎಂಜಿನ್ ಪವರ್ ಅಷ್ಟಾಗಿ ಕಮ್ಮಿ ಆಗಲ್ಲ, ರೆಕ್ಕೆಗೆ ಪ್ರೊಪೆಲ್ಲರ್‌ಗೆ ಆದ್ರೆ ತೆಳು ಗಾಳಿ ತೆಳು ಗಾಳಿಯೇ.

ಇನ್ನೊಂದು ಆಕ್ಸಿಡೆಂಟು ಹೇಳ್ಲೇಬೇಕು. 2019ರ ಮೇ 16ರಂದು ದುಬೈ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಹತ್ರ ಒಂದು ಡಿಎ42 ಬಿದ್ದು ನಾಲ್ಕೂ ಜನ ತೀರ್ಕೊಂಡ್ರು. ಏರ್‌ಪೋರ್ಟ್ ಉಪಕರಣಗಳ ಕ್ಯಾಲಿಬ್ರೇಷನ್ ಕೆಲಸಕ್ಕೆ ಬಂದಿದ್ದ ವಿಮಾನ ಅದು. ಮುಂದೆ ಹೋಗಿದ್ದು ಥಾಯ್ ಏರ್‌ವೇಸ್‌ನ ಏರ್‌ಬಸ್ ಎ350, ಅದರ ರೆಕ್ಕೆ ತುದಿಯಿಂದ ಹುಟ್ಟಿದ ಸುಳಿಗಾಳಿ ಈ ಎರಡು ಟನ್‌ನೂ ತೂಗದ ವಿಮಾನನ ಉರುಳಿಸಿಬಿಡ್ತು, ನೆಲ ಹತ್ರ ಇದ್ದಿದ್ರಿಂದ ಸರಿ ಮಾಡ್ಕೊಳ್ಳೋಕೆ ಎತ್ತರ ಇರ್ಲಿಲ್ಲ. ಇಂಥ ಹೊತ್ತಲ್ಲಿ ಎರಡು ಎಂಜಿನ್ ಇದ್ರೂ ನಾಲ್ಕು ಇದ್ರೂ ಅಷ್ಟೇ. ದುಬೈ, ಬೆಂಗಳೂರು, ಮುಂಬೈ ಥರದ ದೊಡ್ಡ ಏರ್‌ಪೋರ್ಟ್‌ಗೆ ಚಿಕ್ಕ ವಿಮಾನ ತಗೊಂಡು ಹೋಗೋರಿಗೆ ಎಂಜಿನ್ ಫೇಲ್ ಆಗೋದಕ್ಕಿಂತ ಇದರ ಚಿಂತೆ ಜಾಸ್ತಿ ಇರ್ಬೇಕು ಅನ್ಸುತ್ತೆ ನಂಗೆ. ದೊಡ್ಡ ವಿಮಾನದ ಹಿಂದೆ ಹೋಗೋವಾಗ ಅಂತರ ಕೇಳಿ ತಗೊಳ್ಳಿ, ಅದರ ದಾರಿಗಿಂತ ಮೇಲೇ ಇರಿ, ಕೊಟ್ಟಿರೋ ಜಾಗ ಸಾಲ್ದು ಅನ್ಸಿದ್ರೆ ಗೋ ಅರೌಂಡ್ ಮಾಡಿ, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲಕ್ಕೆ ಏರಿ ಸುತ್ತು ಹಾಕಿ ಬನ್ನಿ.

ಒಟ್ಟಾರೆ ರೆಕಾರ್ಡ್ ಹೇಗಿದೆ ಅಂದ್ರೆ, ಚೆನ್ನಾಗಿದೆ. ಸಾವಿರಕ್ಕೂ ಮೇಲೆ ಡಿಎ42 ತಯಾರಾಗಿವೆ, ಲೈಟ್ ಟ್ವಿನ್‌ಗಳ ಪೈಕಿ ಇದಕ್ಕೆ ಒಳ್ಳೇ ಹೆಸರೇ ಇದೆ. ಬಿದ್ಮೇಲೆ ಬೆಂಕಿ ಹತ್ತೋದು ಸಣ್ಣ ವಿಮಾನಗಳಲ್ಲಿ ದೊಡ್ಡ ಭಯ, ಜೆಟ್ ಫ್ಯೂಯೆಲ್ ಪೆಟ್ರೋಲ್ ಥರ ಭಗ್ ಅಂತ ಹತ್ತಿಕೊಳ್ಳಲ್ಲ, ಅದು ನಿಜವಾದ ಪ್ಲಸ್ ಪಾಯಿಂಟು. ಆದ್ರೆ ರೆಕಾರ್ಡ್ ಓದೋವಾಗ ಒಂದು ಎಚ್ಚರ ಬೇಕು. ಈ ವಿಮಾನಗಳಲ್ಲಿ ಬಹಳಷ್ಟು ಇರೋದು ಟ್ರೈನಿಂಗ್ ಸ್ಕೂಲ್‌ಗಳಲ್ಲಿ. ಅಲ್ಲಿ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರ್ತಾರೆ, ಹವಾಮಾನ ಸರಿ ಇಲ್ದಿದ್ರೆ ಫ್ಲೈಟ್ ಕ್ಯಾನ್ಸಲ್, ಎಂಜಿನ್ ಫೇಲ್ಯೂರ್ ಅಭ್ಯಾಸ ದಿನಾ ನಡೀತಿರುತ್ತೆ. ಬೀಚ್‌ಕ್ರಾಫ್ಟ್ ಬ್ಯಾರನ್ ಅನ್ನೋ ಟ್ವಿನ್ ಕೊಂಡು ರಾತ್ರಿ ಮಳೇಲಿ ಒಬ್ನೇ ಮನೆಗೆ ಹೊರಡೋ ಮಾಲೀಕನ ಜೊತೆ ಇದನ್ನ ಹೋಲಿಸಿ ಬ್ಯಾರನ್ ಕೆಟ್ಟದು, ಡೈಮಂಡ್ ಒಳ್ಳೇದು ಅನ್ನೋದು ನ್ಯಾಯ ಅಲ್ಲ. ಪೈಲಟ್ ಪ್ರಾಕ್ಟೀಸ್‌ನಲ್ಲಿದ್ರೆ ಹಳೇ ಟ್ವಿನ್ ಕೂಡ ಸೇಫೇ.

ಇದಕ್ಕೆ ಎರಡು ಸಾಕ್ಷಿ ಇದೆ. ಸೆಸ್ನಾ 337 ಸ್ಕೈಮಾಸ್ಟರ್ ಅಂತ ಒಂದಿತ್ತು, ಒಂದು ಎಂಜಿನ್ ಮುಂದೆ, ಒಂದು ಹಿಂದೆ, ಹಾಗಾಗಿ ಒಂದು ಹೋದ್ರೂ ವಿಮಾನ ಪಕ್ಕಕ್ಕೆ ಎಳೆಯೋದೇ ಇಲ್ಲ. ಕಾಗದದ ಮೇಲೆ ಎಲ್ಲಾ ಸಮಸ್ಯೆ ಮುಗೀತು. ಆದ್ರೆ ಪೈಲಟ್‌ಗೆ ಕಾಣದ ಹಿಂದಿನ ಎಂಜಿನ್ ನಿಂತಿದ್ದು ಗೊತ್ತಾಗ್ದೆ, ಮುಂದಿನದರ ಮೇಲೇ ಟೇಕಾಫ್ ಮಾಡೋಕೆ ಹೋಗಿ ಆಕ್ಸಿಡೆಂಟ್ ಆದ್ವು, ಒಂದೇ ಎಂಜಿನ್ ಮೇಲೆ ಟೇಕಾಫ್ ಶುರು ಮಾಡ್ಬೇಡಿ ಅಂತ ಕಾಕ್‌ಪಿಟ್‌ನಲ್ಲಿ ಬೋರ್ಡ್ ಹಾಕ್ಬೇಕಾಯ್ತು. ಇನ್ನೊಂದು ಮಿತ್ಸುಬಿಷಿ ಎಂಯು2, ಸಾವುನೋವಿನ ಆಕ್ಸಿಡೆಂಟ್‌ಗಳಿಂದ ತುಂಬಾ ಕೆಟ್ಟ ಹೆಸರು ತಗೊಂಡಿದ್ದ ಟರ್ಬೊಪ್ರಾಪ್ ಟ್ವಿನ್. ಅಮೆರಿಕದವ್ರು 2008ರಲ್ಲಿ ಅದಕ್ಕೆ ಅಂತಲೇ ಸ್ಪೆಷಲ್ ಟ್ರೈನಿಂಗ್ ರೂಲ್ ತಂದ್ರು, ವಿಮಾನ ಅದೇ, ಆಕ್ಸಿಡೆಂಟ್ ಇಳಿದ್ವು. ನಮ್ಮ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಮಾಡಿದ್ದ ಎರಡು ಎಂಜಿನ್ನಿನ ಸರಸ್ ಕಥೆಯಲ್ಲೂ ಇದೇ ನೋವು ಇದೆ, 2009ರ ಮಾರ್ಚ್ 6ರಂದು ಬಿಡದಿ ಹತ್ರ ಶೇಷಗಿರಿಹಳ್ಳಿಯಲ್ಲಿ ಬಿತ್ತು, ಹಾರಾಟದಲ್ಲಿ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡೋ ಟೆಸ್ಟ್ ಅದು, ಏರ್‌ಫೋರ್ಸ್‌ನ ಮೂವರು ಅಧಿಕಾರಿಗಳು ಜೀವ ಕೊಟ್ರು. ತನಿಖೆ ಬೊಟ್ಟು ಮಾಡಿದ್ದು ಮತ್ತೆ ಸ್ಟಾರ್ಟ್ ಮಾಡೋಕೆ ಅಂತ ಬರೆದುಕೊಟ್ಟಿದ್ದ ವಿಧಾನದ ಕಡೆಗೆ. ಪೈಲಟ್ ಎಷ್ಟೇ ನುರಿತವ್ರಾದ್ರೂ ಕೈಗೆ ಕೊಟ್ಟ ವಿಧಾನ ಸರಿ ಇರ್ಬೇಕು.

ಕೊರತೆ ಅಂತ ಹೇಳ್ಬೇಕಂದ್ರೆ ಶೆಕೆ. ತಲೆ ಮೇಲೆ ಪೂರ್ತಿ ಗಾಜಿನ ಕ್ಯಾನೊಪಿ, ಮಾರ್ಚ್ ಆದ್ಮೇಲೆ ರನ್‌ವೇ ಪಕ್ಕ ಕಾಯ್ತಾ ನಿಂತ್ರೆ ಬೆಂದೇ ಹೋಗ್ತೀರ, ಸುಸ್ತಾದ ಪೈಲಟ್ ತಪ್ಪು ಮಾಡ್ತಾನೆ, ಹಾಗಾಗಿ ಇದೂ ಸೇಫ್ಟಿ ವಿಷಯವೇ. ಬೆಳಿಗ್ಗೆ ಸ್ಲಾಟ್ ಕೇಳಿ ತಗೊಳ್ಳಿ, ನೀರು ಕುಡೀರಿ. ಹೊರಗೆ ಕಾಣೋ ನೋಟ ಮಾತ್ರ ಅದೇ ಗಾಜಿಂದ ಅದ್ಭುತ, ಬೇರೆ ವಿಮಾನ ದೂರದಿಂದಲೇ ಕಣ್ಣಿಗೆ ಬೀಳುತ್ತೆ.

ಸ್ಕೂಲ್ ಸೇರೋ ಮುಂಚೆ ಹ್ಯಾಂಗರ್‌ಗೆ ಹೋಗಿ, ವಿಮಾನ ನೋಡಿ, ಚೀಫ್ ಇನ್‌ಸ್ಟ್ರಕ್ಟರ್ ಹತ್ರ ಕೂತು ಮರ್ಯಾದೆಯಿಂದ ಕೇಳಿ: ಸರ್, ಎಂಜಿನ್ ಫೇಲ್ಯೂರ್ ಅಭ್ಯಾಸ ಯಾವ ಎತ್ತರದಲ್ಲಿ ಮಾಡಿಸ್ತೀರಿ, ನೆಲ ಹತ್ರ ಸ್ವಿಚ್ ಆಫ್ ಮಾಡ್ತೀರಾ ಇಲ್ಲ ಥ್ರಾಟಲ್ ಮಾತ್ರ ಇಳಿಸ್ತೀರಾ? ನೆಲ ಹತ್ರ ಸ್ವಿಚ್ ಮುಟ್ಟೋ ಸ್ಕೂಲಾದ್ರೆ ನಾನಾದ್ರೆ ಸೇರಲ್ಲ. ಆಮೇಲೆ ಮ್ಯಾನುಯಲ್ ತೆಗೆಸಿ, ಒಂದೇ ಎಂಜಿನ್ ಮೇಲೆ ಏರೋ ಟೇಬಲ್‌ನಲ್ಲಿ ನಿಮ್ಮ ಏರ್‌ಫೀಲ್ಡ್ ಎತ್ತರ, ಮೇ ತಿಂಗಳ ಮಧ್ಯಾಹ್ನದ ಬಿಸಿಲು, ಫುಲ್ ಟ್ಯಾಂಕ್, ಮೂರು ಜನರ ತೂಕ ಹಾಕಿ ನಿಮಿಷಕ್ಕೆ ಎಷ್ಟು ಅಡಿ ಬರುತ್ತೆ ಅಂತ ಬೆರಳಿಟ್ಟು ತೋರಿಸೋಕೆ ಹೇಳಿ. ಆ ನಂಬರ್ ಸಣ್ಣದಿರುತ್ತೆ. ಗೇರ್ ಇನ್ನೂ ಕೆಳಗಿದ್ದು, ಮುಂದೆ ರನ್‌ವೇ ಮಿಕ್ಕಿರೋವಾಗ ಎಂಜಿನ್ ಹೋದ್ರೆ ಎರಡೂ ಥ್ರಾಟಲ್ ಎಳೆದು ನೇರ ಮುಂದೆ ಇಳಿಸ್ಬೇಕು ಅಂತ ಯಾಕೆ ಹೇಳ್ತಾರೆ ಅನ್ನೋದು ಆ ನಂಬರ್ ನೋಡಿದ ದಿನ ಅರ್ಥ ಆಗುತ್ತೆ, ಅದನ್ನ ಪ್ರತಿ ಟೇಕಾಫ್‌ಗೂ ಮುಂಚೆ ಬಾಯಿಬಿಟ್ಟು ಹೇಳ್ಕೊಳ್ಳಿ, ಪಕ್ಕದಲ್ಲಿ ಕೂತವ್ರಿಗೂ ಕೇಳೋ ಹಾಗೆ.